ನಾಲ್ಕು ಪಟ್ಟೆಯ ಕೋಟು

ಕೆಲವು ವರ್ಷಗಳ ಕೆಳಗೆ ನಮ್ಮ ತಾಯಿಯವರನ್ನು ಮೊತ್ತಮೊದಲು ವಿಮಾನದಲ್ಲಿ ಕರೆದುಕೊಂಡು ಹೋಗುವ ಸಂದರ್ಭ ನನಗೆ ಒದಗಿತು. ಬೆಂಗಳೂರಿನಿಂದ ದೆಹಲಿಗೆ ಪ್ರಯಾಣ. ವಿಮಾನ ನೆಲ ಬಿಟ್ಟು ಮೇಲೇರುವವರೆಗೂ ಅವರು ಕಣ್ಣು ಮುಚ್ಚಿ, ನನ್ನ ಕೈಯನ್ನು ಬಿಗಿಯಾಗಿ ಹಿಡಿದು ಕುಳಿತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಎಲ್ಲಿಂದಲೋ ಒಂದು ದನಿ ಕೇಳಿಸಿತು. ಎಷ್ಟು ಎತ್ತರದಲ್ಲಿದ್ದೇವೆ, ದೆಹಲಿಯಲ್ಲಿ ಹವೆ ಹೇಗಿದೆ, ದಾರಿಯಲ್ಲಿ ಒಂದಿಷ್ಟು ಕುಲುಕಾಟವಾದೀತು, ಗಾಬರಿ ಬೇಡ ಎಂದು ಎಲ್ಲವೂ ಇಂಗ್ಲಿಷಿನಲ್ಲಿ. ತಾಯಿಯವರಿಗೆ ಒಂದು ಮಾತೂ ತಿಳಿಯಲಿಲ್ಲ. ಆದರೂ ಅವರು ಕಣ್ಣು ತೆರೆದು, ನನ್ನ ಕೈ ಬಿಟ್ಟು, “ಯಾರೋ ದೊಡ್ಡ ಮನುಷ್ಯರಿರಬೇಕು ಕಣೋ, ಮಾತಿನಲ್ಲಿ ಅವಸರವೇ ಇಲ್ಲ” ಎಂದರು.

ರೇಡಿಯೋದ ಮುಂದೆ ಕುಳಿತು ಭಾಷಣ ಕೇಳುವ ನಿಮಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು. ಮುಖ ಕಾಣದ ಮನುಷ್ಯನನ್ನು ದನಿಯಿಂದಲೇ ಅಳೆಯುವುದು ನಿಮಗೆ ರೂಢಿಯಾಗಿಹೋಗಿದೆ. ವಿಮಾನಚಾಲಕನೂ ಹಾಗೆಯೇ, ಬಾಗಿಲಿನ ಆಚೆಗಿರುವವನು. ನಮ್ಮ ಪ್ರಾಣವನ್ನು ಅವನ ಕೈಗೆ ಒಪ್ಪಿಸಿ ಕುಳಿತಿರುತ್ತೇವೆ. ಆದರೆ ನಮಗೆ ದೊರೆಯುವುದು ಅವನ ದನಿ, ಮತ್ತು ನಿಲ್ದಾಣದಲ್ಲಿ ಹಾದುಹೋಗುವಾಗ ಕಂಡ ಪೋಷಾಕು, ಇಷ್ಟೇ.

ಆ ಪೋಷಾಕು ತಾನಾಗಿ ಹುಟ್ಟಿದ್ದಲ್ಲ. 1932ನೆಯ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಒಂಟಿ ಎಂಜಿನಿನ ಪುಸ್ ಮಾತ್ ವಿಮಾನದಲ್ಲಿ ಟಪಾಲು ತಂದರು; ಅಲ್ಲಿಂದ ನೆವಿಲ್ ವಿನ್ಸೆಂಟ್ ಎಂಬವರು ಅದನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಆ ತಲೆಮಾರಿನ ಚಾಲಕನೆಂದರೆ ಲೋಕದ ಎಲ್ಲೆಡೆ ಒಂದೇ ಚಿತ್ರ: ಚರ್ಮದ ಕೋಟು, ಕಣ್ಣಿಗೆ ಗಾಳಿಕನ್ನಡಿ, ಕೊರಳಿಗೆ ರೇಷ್ಮೆಯ ವಸ್ತ್ರ. ಇದು ಶೋಕಿಯೆಂದು ತಿಳಿಯಬೇಡಿ. ಮೇಲ್ಚಾವಣಿಯಿಲ್ಲದ ವಿಮಾನದಲ್ಲಿ ಚಳಿಗೆ ಚರ್ಮದ ಕೋಟು ಬೇಕು. ಅತ್ತ ಇತ್ತ ಆಕಾಶವನ್ನು ನೋಡುತ್ತಲೇ ಇರುವವನ ಕತ್ತು ಒರಟು ಕಾಲರಿಗೆ ಉಜ್ಜಿ ಹುಣ್ಣಾಗದಂತೆ ರೇಷ್ಮೆ ಬೇಕು. ಎಂಜಿನ್ ಚಿಮ್ಮಿಸಿದ ಎಣ್ಣೆಯನ್ನು ಕನ್ನಡಿಯಿಂದ ಒರೆಸಿಕೊಳ್ಳಲೂ ಅದೇ ಆಗುತ್ತಿತ್ತು.

ಟಪಾಲಿನ ಚೀಲಕ್ಕೆ ಚಾಲಕನ ವೇಷದಿಂದ ಆಗಬೇಕಾದ್ದೇನೂ ಇರಲಿಲ್ಲ. ಹಣ ಕೊಟ್ಟ ಪ್ರಯಾಣಿಕ ಬಂದಾಗ ಮಾತ್ರ ಸಂಗತಿ ಬದಲಾಯಿತು. ಎಣ್ಣೆ ಮೆತ್ತಿದ ಚರ್ಮದ ಕೋಟಿನ ಸಾಹಸಿಯನ್ನು ಕಂಡರೆ ಸಂಸಾರಸ್ಥನಿಗೆ ಮೆಚ್ಚುಗೆ ಬಂದೀತು, ಆದರೆ ಹೆಂಡತಿ ಮಕ್ಕಳನ್ನು ಅವನ ಜೊತೆ ಕಳುಹಿಸಲು ಮನಸ್ಸು ಬಾರದು. ಅಮೆರಿಕದ ಪ್ಯಾನ್ ಅಮೆರಿಕನ್ ಕಂಪನಿಯ ಮುಖ್ಯಸ್ಥರಾಗಿದ್ದ ಜುವಾನ್ ಟ್ರಿಪ್ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಜನರಿಗೆ ಆಗ ನಂಬಿಕೆಯಿದ್ದುದು ಹಡಗಿನಲ್ಲಿ. ಆದಕಾರಣ 1930ರ ದಶಕದಲ್ಲಿ ಆ ಕಂಪನಿ ತನ್ನ ನೀರ್ವಿಮಾನಗಳಿಗೆ ಹಳೆಯ ಹಾಯಿಹಡಗುಗಳ ‘ಕ್ಲಿಪ್ಪರ್’ ಎಂಬ ಹೆಸರಿಟ್ಟಿತು. ಚಾಲಕನನ್ನು ಕ್ಯಾಪ್ಟನ್ ಎಂದು ಕರೆಯಿತು, ಅವನ ಸಹಾಯಕನನ್ನು ಫಸ್ಟ್ ಆಫೀಸರ್ ಎಂದಿತು. ವೇಗವನ್ನು ನಾಟ್ ಲೆಕ್ಕದಲ್ಲಿ ಹೇಳಿತು. ನೌಕಾಧಿಕಾರಿಯ ಮಾದರಿಯ ಕಡುನೀಲಿ ಕೋಟನ್ನೂ ಬಿಳಿಯ ಟೋಪಿಯನ್ನೂ ತೊಡಿಸಿತು. ತೋಳಿನ ಮೇಲೆ ಪಟ್ಟೆಗಳು ಬಂದವು: ಕ್ಯಾಪ್ಟನ್ನನಿಗೆ ನಾಲ್ಕು, ಫಸ್ಟ್ ಆಫೀಸರನಿಗೆ ಮೂರು. ಸಮುದ್ರವನ್ನೇ ಕಾಣದ ಊರಿನ ಮೇಲೆ ಹಾರುವ ಚಾಲಕನೂ ಇಂದು ಅದೇ ಪಟ್ಟೆಗಳನ್ನು ತೊಟ್ಟಿದ್ದಾನೆ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಮ್ಮ ಹಿರಿಯರ ಮಾತು. ಪಾಪ, ಚಾಲಕನಿಗೆ ಊಟವೂ ತನ್ನಿಚ್ಛೆಯಲ್ಲ! ಒಂದೇ ಅಡುಗೆಯಿಂದ ಇಬ್ಬರಿಗೂ ಹೊಟ್ಟೆ ಕೆಡಬಾರದೆಂದು ಬಹಳ ಕಂಪನಿಗಳಲ್ಲಿ ಇಬ್ಬರು ಚಾಲಕರೂ ಬೇರೆ ಬೇರೆ ಊಟವನ್ನೇ ಮಾಡಬೇಕು. ಸ್ವಂತ ಅಭಿರುಚಿಗೆ ಉಳಿಯುವುದು ಕೈಗಡಿಯಾರ, ತಂಪು ಕನ್ನಡಕ ಇಂಥವೇ. ಇವೂ ಮೊದಲು ಕೆಲಸದ ಸಲಕರಣೆಗಳೇ. ಎರಡು ದೇಶಗಳ ವೇಳೆಯನ್ನು ಒಟ್ಟಿಗೆ ತೋರಿಸುವ ರೋಲೆಕ್ಸ್ ಗಡಿಯಾರ 1950ರ ದಶಕದಲ್ಲಿ ಸಿದ್ಧವಾದದ್ದು ಪ್ಯಾನ್ ಅಮೆರಿಕನ್ ಚಾಲಕರನ್ನು ಮನಸ್ಸಿನಲ್ಲಿಟ್ಟುಕೊಂಡು. ಕನ್ನಡಕದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ಪೇಟೆಯಲ್ಲಿ ಹೆಚ್ಚು ಬೆಲೆಗೆ ಮಾರುವ ಪೋಲರಾಯ್ಡ್ ಗಾಜು ಚಾಲಕನಿಗೆ ಕೂಡದು. ಅದನ್ನು ಹಾಕಿಕೊಂಡರೆ ಎದುರಿನ ಪರದೆಗಳ ಮೇಲಿನ ಅಂಕೆಗಳೇ ಮಸುಕಾಗಿ ಮಾಯವಾಗುವ ಸಂಭವವುಂಟು.

ದನಿಗೂ ಒಂದು ವಂಶಾವಳಿಯಿದೆ. 1947ರಲ್ಲಿ ಶಬ್ದದ ವೇಗವನ್ನು ಮೀರಿ ಹಾರಿದ ಚಕ್ ಯೇಗರ್ ವೆಸ್ಟ್ ವರ್ಜೀನಿಯದ ಬೆಟ್ಟಗಾಡಿನವರು. ಅವರದು ಎಳೆದೆಳೆದು, ನಿದ್ದೆಗಣ್ಣಿನಲ್ಲಿ ಆಡಿದಂಥ ಮಾತು. ಅಮೆರಿಕದ ಚಾಲಕರೆಲ್ಲ ಆ ಧಾಟಿಯನ್ನೇ ಹಿಡಿದರೆಂದು ಟಾಮ್ ವುಲ್ಫ್ ಎಂಬ ಲೇಖಕರು 1979ರಲ್ಲಿ ವಿನೋದವಾಗಿ ಬರೆದಿದ್ದಾರೆ. ಇದನ್ನು ಬರಿಯ ಅನುಕರಣೆಯೆಂದು ತಳ್ಳಿಹಾಕಲಾಗದು. 1982ರ ಜೂನ್ 24ರಂದು ಜಾವಾ ದ್ವೀಪದ ಬಳಿ ಅಗ್ನಿಪರ್ವತದ ಬೂದಿ ನುಗ್ಗಿ ಬ್ರಿಟಿಷ್ ಏರ್‌ವೇಸಿನ ದೊಡ್ಡ ವಿಮಾನವೊಂದರ ನಾಲ್ಕು ಎಂಜಿನುಗಳೂ ನಿಂತುಹೋದವು. ಆಗ ಕ್ಯಾಪ್ಟನ್ ಎರಿಕ್ ಮೂಡಿ ಪ್ರಯಾಣಿಕರಿಗೆ ಹೇಳಿದ್ದರ ಸಾರಾಂಶ ಇಷ್ಟು: ಒಂದು ಸಣ್ಣ ತೊಂದರೆಯಾಗಿದೆ, ಎಂಜಿನುಗಳು ನಾಲ್ಕೂ ನಿಂತಿವೆ, ಮತ್ತೆ ಚಾಲೂ ಮಾಡಲು ಆದಷ್ಟೂ ಯತ್ನಿಸುತ್ತಿದ್ದೇವೆ, ನೀವು ಹೆಚ್ಚು ಚಿಂತೆಗೊಳಗಾಗಿಲ್ಲವೆಂದು ನಂಬಿದ್ದೇನೆ. ಎಂಜಿನುಗಳು ಮತ್ತೆ ಹೊತ್ತಿಕೊಂಡವು, ವಿಮಾನ ಜಕಾರ್ತದಲ್ಲಿ ಇಳಿಯಿತು, ಎಲ್ಲರೂ ಉಳಿದರು.

ಇಂಥ ಮೂರ್ತಿಯೊಂದು ಜನರ ಮನಸ್ಸಿನಲ್ಲಿ ನಿಂತುಬಿಟ್ಟಿತೆಂದರೆ, ಅದಕ್ಕೆ ಹೊಂದದವರ ಪಾಡು ಕಷ್ಟವೇ. ಗಡ್ಡವಿದ್ದರೆ ಆಮ್ಲಜನಕದ ಮುಖವಾಡ ಸರಿಯಾಗಿ ಕೂರುವುದಿಲ್ಲವೆಂದು ಬಹುಕಾಲ ಹೇಳುತ್ತಿದ್ದರು. ಆದರೆ ಮೊದಲನೆಯ ಮಹಾಯುದ್ಧದಲ್ಲಿಯೇ ಹರದಿತ್ ಸಿಂಗ್ ಮಲಿಕ್ ರುಮಾಲಿನ ಮೇಲೆ ದೊಡ್ಡ ಶಿರಸ್ತ್ರಾಣ ಧರಿಸಿ ಬ್ರಿಟಿಷರ ಯುದ್ಧವಿಮಾನ ಹಾರಿಸಿದ್ದರು. ಕೆನಡಾದ ಒಂದು ವಿಶ್ವವಿದ್ಯಾಲಯ ಗಡ್ಡದವರನ್ನೇ ಕೂರಿಸಿ ಪರೀಕ್ಷೆ ಮಾಡಿ, ತೊಂದರೆಯಿಲ್ಲವೆಂದು ಕಂಡ ಮೇಲೆ 2018ರಲ್ಲಿ ಏರ್ ಕೆನಡಾ ತನ್ನ ಚಾಲಕರಿಗೆ ಗಿಡ್ಡ ಗಡ್ಡವನ್ನು ಅನುಮತಿಸಿತು. ಹೆಂಗಸರ ಕಥೆ ಇದಕ್ಕಿಂತ ಕಹಿ. ಅಮೆರಿಕದಲ್ಲಿ ಹೆಲೆನ್ ರಿಚಿ 1934ರಲ್ಲಿ ಒಂದು ಕಂಪನಿಗೆ ಚಾಲಕಿಯಾಗಿ ಸೇರಿದರೂ ಚಾಲಕರ ಸಂಘ ಅವರನ್ನು ಒಳಗೆ ಬಿಡಲಿಲ್ಲ. ವರ್ಷದೊಳಗೆ ಅವರು ಕೆಲಸ ಬಿಟ್ಟರು. ಎಮಿಲಿ ಹೋವೆಲ್ ಎಂಬವರಿಗೆ ಆ ದೇಶದ ದೊಡ್ಡ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದ್ದು 1973ರಲ್ಲಿ. ನಮ್ಮಲ್ಲಿ ದುರ್ಬಾ ಬ್ಯಾನರ್ಜಿಯವರು 1960ರ ದಶಕದಲ್ಲಿಯೇ ಇಂಡಿಯನ್ ಏರ್‌ಲೈನ್ಸಿನ ವಿಮಾನ ಹಾರಿಸುತ್ತಿದ್ದರು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಹಾರಿಬಂದ ಏರ್ ಇಂಡಿಯಾ ವಿಮಾನದ ನಾಲ್ವರು ಚಾಲಕರೂ ಹೆಂಗಸರೇ.

ಇಷ್ಟೇ ಆಗಿದ್ದರೆ ಇದು ಅಂಗಿ ಟೋಪಿಗಳ ವಿಚಾರವೆಂದು ನಕ್ಕು ಮುಗಿಸಬಹುದಾಗಿತ್ತು. ಪ್ರಯಾಣಿಕರ ಭಯ ಕಳೆಯಲೆಂದು ಕಟ್ಟಿದ ವೇಷ ಬಾಗಿಲು ದಾಟಿ ಚಾಲಕರ ಕೊಠಡಿಯೊಳಗೂ ಹೊಕ್ಕಿತು. ಅಲ್ಲಿ ಅದು ಬೇರೆಯೇ ಕೆಲಸ ಮಾಡಿತು. ನಾಲ್ಕು ಪಟ್ಟೆಯ ಗಾಂಭೀರ್ಯದ ಮುಂದೆ ಮೂರು ಪಟ್ಟೆಯವನ ಬಾಯಿ ಕಟ್ಟಿತು.

1977ರ ಮಾರ್ಚ್ 27ರಂದು ಕ್ಯಾನರಿ ದ್ವೀಪಗಳ ಟೆನೆರಿಫ್ ನಿಲ್ದಾಣದಲ್ಲಿ ಮಂಜು ಮುಸುಕಿತ್ತು. ಹಾಲೆಂಡಿನ ಕೆ.ಎಲ್.ಎಂ. ವಿಮಾನ ಏರಲು ಸಿದ್ಧವಾಗಿ ನಿಂತಿತ್ತು. ಅದೇ ಓಡುದಾರಿಯ ಮೇಲೆ ಎದುರಿಗೆ ಪ್ಯಾನ್ ಅಮೆರಿಕನ್ ವಿಮಾನವಿತ್ತು. ಕೆ.ಎಲ್.ಎಂ. ಕ್ಯಾಪ್ಟನ್ ಸಾಮಾನ್ಯರಲ್ಲ, ಇತರ ಚಾಲಕರಿಗೆ ತರಬೇತಿ ಕೊಡುವವರು, ಕಂಪನಿಯ ಜಾಹೀರಾತಿನಲ್ಲಿ ಮುಗುಳ್ನಗುತ್ತಿದ್ದ ಮುಖ ಅವರದೇ. ಅವರು ಒಮ್ಮೆ ಹೊರಡಲು ಅನುವಾದಾಗ ಸಹಚಾಲಕ, ಇನ್ನೂ ಅಪ್ಪಣೆ ಬಂದಿಲ್ಲವೆಂದು ತಡೆದರು. ಎರಡನೆಯ ಸಲ ಅವರೂ ತಡೆಯಲಿಲ್ಲ. ಹಿಂದೆ ಕುಳಿತಿದ್ದ ಎಂಜಿನಿಯರ್ ಮಾತ್ರ, ಎದುರಿನ ವಿಮಾನ ದಾರಿ ಬಿಟ್ಟಿಲ್ಲವೇ ಎಂದು ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಂಡಿತವಾಗಿ ನುಡಿದರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಸತ್ತವರು 583 ಜನ.

ಇದು ದೂರದ ಮಾತಾಯಿತೆನ್ನುವಿರೇನೋ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ನಮ್ಮ ಮಂಗಳೂರಿನ ಗುಡ್ಡದ ಮೇಲಿನ ಓಡುದಾರಿಯನ್ನು ದಾಟಿ ಕಣಿವೆಗೆ ಬಿದ್ದು, ಅದರಲ್ಲಿದ್ದ 166 ಜನರಲ್ಲಿ 158 ಜನ ತೀರಿಕೊಂಡರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ದಿನ ಇನ್ನೂ ಮಾಸಿಲ್ಲ. ತನಿಖಾ ವರದಿಯಲ್ಲಿ ಕಂಡದ್ದೇನು? ಇಳಿಯುವ ರೀತಿ ಸರಿಯಾಗಿರಲಿಲ್ಲ, ಫಸ್ಟ್ ಆಫೀಸರ್ ಮೂರು ಬಾರಿ, ಇಳಿಯುವುದು ಬೇಡ, ಮೇಲೇರೋಣ ಎಂದು ಕೂಗಿದರು, ಯಂತ್ರವೂ ಎಚ್ಚರಿಸಿತು, ಕ್ಯಾಪ್ಟನ್ ಇಳಿಸುವುದನ್ನು ನಿಲ್ಲಿಸಲಿಲ್ಲ. ಕಿರಿಯ ಚಾಲಕ ಹೇಳಿದರೇ ಹೊರತು ತಾವೇ ಕೈಹಾಕಿ ವಿಮಾನವನ್ನು ಎತ್ತಲಿಲ್ಲ. ಹಾಗೆ ಮಾಡುವ ಅಧಿಕಾರ ಅವರಿಗಿದೆಯೆಂಬುದು ನಿಯಮಗಳಲ್ಲಿಯೇ ಸ್ಪಷ್ಟವಿರಲಿಲ್ಲವೆಂದು ವರದಿ ಹೇಳುತ್ತದೆ. ಅದನ್ನು ಓದಿದಂದಿನಿಂದ, ಆ ಮೂರು ಕೂಗುಗಳು ನನ್ನ ಕಿವಿಯಲ್ಲಿವೆ.

ಟೆನೆರಿಫ್ ಮುಂತಾದ ದುರಂತಗಳ ತರುವಾಯ, 1981ರಿಂದೀಚೆಗೆ, ಅಮೆರಿಕದ ಯುನೈಟೆಡ್ ಕಂಪನಿ ಹೊಸ ಪಾಠವೊಂದನ್ನು ಆರಂಭಿಸಿತು. ಕಿರಿಯನಿಗೆ ಬಾಯಿ ಬಿಟ್ಟು ಹೇಳುವುದನ್ನು ಕಲಿಸಬೇಕು. ಹಿರಿಯನಿಗೆ ಕೇಳಿಸಿಕೊಳ್ಳುವುದನ್ನು ಕಲಿಸಬೇಕು. ಎರಡನೆಯದೇ ಕಷ್ಟವೆಂದು ನನ್ನ ಊಹೆ. ಮನೆಯ ಯಜಮಾನರಾದ ನಿಮಗೂ ಇದು ಅನುಭವವಿರಬಹುದು. 1989ರ ಜುಲೈ 19ರಂದು ಅದೇ ಕಂಪನಿಯ ವಿಮಾನವೊಂದರ ನಡುವಿನ ಎಂಜಿನ್ ಸಿಡಿದು, ವಿಮಾನವನ್ನು ತಿರುಗಿಸುವ ಸಕಲ ವ್ಯವಸ್ಥೆಯೂ ನಷ್ಟವಾಯಿತು. ಕ್ಯಾಪ್ಟನ್ ಆಲ್ ಹೇನ್ಸ್, ಪ್ರಯಾಣಿಕನಾಗಿ ಕುಳಿತಿದ್ದ ಮತ್ತೊಬ್ಬ ಚಾಲಕನನ್ನು ಒಳಗೆ ಕರೆಸಿಕೊಂಡು, ಉಳಿದ ಎರಡು ಎಂಜಿನುಗಳ ಹಿಡಿಕೆಯನ್ನು ಅವರ ಕೈಗೇ ಕೊಟ್ಟರು. ಎಲ್ಲರ ಮಾತನ್ನೂ ಕೇಳಿದರು. ಸೂ ಸಿಟಿಯಲ್ಲಿ ವಿಮಾನ ಅಪ್ಪಳಿಸಿ ಒಡೆಯಿತು. ಆದರೂ 296 ಜನರಲ್ಲಿ 184 ಜನ ಬದುಕಿದರು. ಆ ಪಾಠವಿಲ್ಲದಿದ್ದರೆ ಇಷ್ಟೂ ಆಗುತ್ತಿರಲಿಲ್ಲವೆಂದು ಹೇನ್ಸ್ ಮುಂದೆ ಸಾರುತ್ತ ಬಂದರು.

ಅಂದು ದೆಹಲಿಯಲ್ಲಿ ಇಳಿಯುವಾಗ ಚಾಲಕರ ಕೊಠಡಿಯ ಬಾಗಿಲು ತೆರೆದಿತ್ತು. ನಾಲ್ಕು ಪಟ್ಟೆಯ ನರೆಗೂದಲಿನವರೊಬ್ಬರು ಹೊರಗೆ ನಿಂತಿದ್ದರು. ದನಿಯಿಂದಲೇ ಗುರುತು ಹಿಡಿದ ತಾಯಿಯವರು ಅವರಿಗೆ ಕೈಮುಗಿದು, “ಚೆನ್ನಾಗಿ ಇಳಿಸಿದಿರಿ ಅಂತ ಹೇಳೋ” ಎಂದು ನನಗೆ ಅಪ್ಪಣೆ ಮಾಡಿದರು. ನಾನು ಹೇಳಿದೆ. ಅವರು ನಕ್ಕು, ಒಳಗೆ ಕಾಗದ ಪತ್ರ ಬರೆಯುತ್ತ ಕುಳಿತಿದ್ದ ಮೂರು ಪಟ್ಟೆಯ ಚಿಕ್ಕ ವಯಸ್ಸಿನ ಹುಡುಗಿಯ ಕಡೆ ಕೈ ತೋರಿಸಿ, “ಮಾತನಾಡಿದ್ದಷ್ಟೇ ನಾನು, ಇಳಿಸಿದವರು ಅವರು” ಎಂದರು. ತಾಯಿಯವರು ಒಂದು ಕ್ಷಣ ಆ ಹುಡುಗಿಯನ್ನೇ ನೋಡಿ, ಅವಳಿಗೂ ಕೈಮುಗಿದು, ಮೆಟ್ಟಿಲಿನ ಕಡೆ ತಿರುಗಿದರು.