ತಲೆಗೂದಲಿನ ಯೋಗಕ್ಷೇಮ



ತಲೆಗೂದಲಿನ ವಿಚಾರವಾಗಿ ಮಾತನಾಡುವವರಿಗೆ ತಲೆಯ ತುಂಬ ಕೂದಲಿರಬೇಕೆಂದು ತಾವು ನಿರೀಕ್ಷಿಸಿದರೆ ಅದು ನ್ಯಾಯವೇ ಸರಿ. ಆ ಯೋಗ್ಯತೆ ನಮಗಿಲ್ಲ. ನಲವತ್ತು ದಾಟಿದ ಮೇಲೆ ನಮ್ಮ ಹಣೆಯು ವರ್ಷದಿಂದ ವರ್ಷಕ್ಕೆ ಹಿಂದಕ್ಕೆ ಸರಿಯುತ್ತ ಬಂದು ಈಗ ನೆತ್ತಿಯ ಗಡಿಯನ್ನು ಮುಟ್ಟಿದೆ. ನಾವು ವೈದ್ಯರೂ ಅಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಬೋಧಿಸುವವರು. ಆದರೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಒಂದು ಕಾರಣವುಂಟು.

ಕೆಲವು ವರ್ಷಗಳ ಹಿಂದೆ ದಸರಾ ರಜೆ ಕಳೆದ ಮೇಲೆ ವಿದ್ಯಾರ್ಥಿಯೊಬ್ಬನು ನಮ್ಮ ಕೊಠಡಿಗೆ ಬಂದು ಒಂದು ಲಕೋಟೆಯನ್ನು ಮೇಜಿನ ಮೇಲಿಟ್ಟನು. ಒಳಗೆ ಉದುರಿದ ಕೂದಲು. ಹೊರಗೆ ಆ ದಿನದ ತಾರೀಖು ಮತ್ತು ಎಣಿಕೆ. ಎಣಿಕೆ ಇನ್ನೂರನ್ನು ಮೀರಿತ್ತು. “ದಿನವೂ ಹೀಗೆಯೇ ಸಾರ್, ಹಾಸ್ಟೆಲಿನ ನೀರು ನನಗೆ ಆಗುತ್ತಿಲ್ಲ” ಎಂದನು. ಪರೀಕ್ಷೆಯ ಶುಲ್ಕಕ್ಕೆಂದು ಮನೆಯವರು ಕೊಟ್ಟಿದ್ದ ಹಣದಿಂದ ಒಂದು ತೈಲದ ಸೀಸೆಯನ್ನು ಕೊಂಡಿದ್ದನು. ಹಾಸ್ಟೆಲನ್ನು ಬಿಟ್ಟು ಊರಿನಿಂದಲೇ ಓಡಾಡುವೆನೆಂದನು. ನಾವು ನಕ್ಕು, “ನನ್ನ ತಲೆಯನ್ನು ನೋಡಿ ಸಮಾಧಾನ ಮಾಡಿಕೊಳ್ಳಪ್ಪಾ” ಎಂದೆವು. ಅವನು ನಗಲಿಲ್ಲ. ಲಕೋಟೆಯನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದನು. ಆ ವರ್ಷ ಅವನು ಪರೀಕ್ಷೆಗೆ ಕೂಡಲಿಲ್ಲ.

ಆ ಹುಡುಗನನ್ನು ನಾವು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: “ಮೂರು ತಿಂಗಳ ಹಿಂದೆ ನಿನಗೆ ಏನಾಗಿತ್ತು?” ಅದನ್ನು ಏಕೆ ಕೇಳಬೇಕಾಗಿತ್ತೆಂಬುದೇ ಇಂದಿನ ಭಾಷಣದ ಸಾರ.

ಮೊದಲು ಕೂದಲೆಂದರೇನು ಎಂಬುದನ್ನು ನೋಡೋಣ. ನಮ್ಮ ಕಣ್ಣಿಗೆ ಕಾಣುವ ಎಳೆಯಲ್ಲಿ ಜೀವವಿಲ್ಲ. ಉಗುರಿನಂತೆ ಅದೂ ಕೆರಾಟಿನ್ ಎಂಬ ಸಸಾರಜನಕ ವಸ್ತುವಿನಿಂದಾದುದು. ಆದುದರಿಂದಲೇ ಕತ್ತರಿಸಿದರೆ ನೋವಾಗದು. ಜೀವವಿರುವುದು ಚರ್ಮದ ಒಳಗೆ, ರೋಮಕೂಪದ ತಳದಲ್ಲಿ. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ರೋಮಕೂಪಗಳಿರುವುವು. ಒಂದೊಂದು ಕೂಪವೂ ತನ್ನದೇ ಆದ ಕಾಲಕ್ರಮವನ್ನು ಅನುಸರಿಸುವುದು. ಎರಡರಿಂದ ಆರು ವರ್ಷಗಳವರೆಗೆ ಅದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಎಳೆಯನ್ನು ಬೆಳೆಸುವುದು; ಬಳಿಕ ಎರಡು ಮೂರು ವಾರಗಳಲ್ಲಿ ಕೆಲಸವನ್ನು ನಿಲ್ಲಿಸಿ, ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿರುವುದು. ವಿಶ್ರಾಂತಿ ಮುಗಿದಾಗ ಹಳೆಯ ಎಳೆ ಕಳಚಿಬಿದ್ದು ಅದೇ ಕೂಪದಲ್ಲಿ ಹೊಸದು ಹುಟ್ಟುವುದು. ಸಾಮಾನ್ಯವಾಗಿ ನೂರರಲ್ಲಿ ಎಂಬತ್ತೈದು ತೊಂಬತ್ತು ಕೂದಲು ಬೆಳೆಯುತ್ತಲೂ ಉಳಿದವು ವಿಶ್ರಾಂತಿಯಲ್ಲಿಯೂ ಇರುವುವು. ಆದುದರಿಂದ ಆರೋಗ್ಯವಂತರಿಗೂ ದಿನಕ್ಕೆ 50ರಿಂದ 100ರವರೆಗೆ ಕೂದಲುದುರುವುದು ಸಹಜ. ವಾರಕ್ಕೊಮ್ಮೆ ಎಣ್ಣೆನೀರು ಹಾಕಿಕೊಳ್ಳುವವರಿಗೆ ಅಷ್ಟು ದಿನ ಜಡೆಯಲ್ಲಿ ಸಿಕ್ಕಿಕೊಂಡಿದ್ದುದೆಲ್ಲವೂ ಒಂದೇ ದಿನ ಬಚ್ಚಲಿನಲ್ಲಿ ಕಾಣಿಸುವುದು. ಅದನ್ನು ಕಂಡು ಸೀಗೆಪುಡಿಯನ್ನು ದೂರುವುದು ಸಲ್ಲದು.

ಇನ್ನು ಮೂರು ತಿಂಗಳಿನ ವಿಚಾರ. ದೇಹಕ್ಕೆ ಭಾರಿಯಾದ ಪೆಟ್ಟೊಂದು ಬಿದ್ದಾಗ, ಎಂದರೆ ವಿಷಮಶೀತಜ್ವರ, ಡೆಂಗೆ, ಶಸ್ತ್ರಚಿಕಿತ್ಸೆ, ಹೆರಿಗೆ, ಊಟವನ್ನು ಬಿಟ್ಟು ಮೈಯಿಳಿಸುವ ಸಾಹಸ ಮೊದಲಾದುವು ಒದಗಿದಾಗ, ಬೆಳೆಯುತ್ತಿದ್ದ ಅನೇಕ ಕೂಪಗಳು ಒಟ್ಟಿಗೆ ವಿಶ್ರಾಂತಿಗೆ ಇಳಿಯುವುವು. ಆಗ ಹೊರಗೆ ಏನೂ ಕಾಣದು. ಎರಡು ಮೂರು ತಿಂಗಳು ಕಳೆದ ಮೇಲೆ, ರೋಗಿಯು ಜ್ವರವನ್ನು ಮರೆತು ಓಡಾಡುತ್ತಿರುವಾಗ, ಆ ಕೂದಲೆಲ್ಲ ಒಟ್ಟಿಗೆ ಉದುರಲಾರಂಭಿಸುವುದು. ಈ ಬಗೆಯ ಉದುರುವಿಕೆಯನ್ನು ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಅವರು 1961ರಲ್ಲಿ ವಿವರಿಸಿ ಅದಕ್ಕೊಂದು ಹೆಸರನ್ನು ಕೊಟ್ಟರು. 2020 ಮತ್ತು 2021ರಲ್ಲಿ ಕೋವಿಡ್ ಜ್ವರದಿಂದ ಎದ್ದ ಎಷ್ಟೋ ಮಂದಿ ಇದನ್ನು ಅನುಭವಿಸಿದರು. ಬಾಣಂತಿಯರ ವಿಷಯವೂ ಹೀಗೆಯೇ: ಕೂಸು ಮಗ್ಗುಲು ಮಗುಚುವ ಹೊತ್ತಿಗೆ ತಾಯಿಯ ಬಾಚಣಿಗೆ ತುಂಬತೊಡಗುವುದು, ಕೂಸಿಗೆ ವರ್ಷ ತುಂಬುವ ವೇಳೆಗೆ ಬಹುಮಟ್ಟಿಗೆ ಎಲ್ಲವೂ ಸರಿಹೋಗುವುದು.

ಇಲ್ಲಿ ಕೂದಲು ಉದುರುವುದೇ ಹೊರತು ಕೂಪಕ್ಕೆ ಹಾನಿಯಿಲ್ಲ. ಕಾರಣವು ನಿವಾರಣೆಯಾಗಿದ್ದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ತಾನಾಗಿ ನಿಲ್ಲುವುದು. ಈ ಆರು ತಿಂಗಳೇ ತೈಲದ ವ್ಯಾಪಾರಿಗೆ ಸುಗ್ಗಿಯ ಕಾಲ. ಉದುರತೊಡಗಿದಾಗ ಸೀಸೆಯನ್ನು ಕೊಳ್ಳುವೆವು. ನಿಂತಾಗ ಸೀಸೆಗೆ ಕೀರ್ತಿಯನ್ನು ಕೊಡುವೆವು. ಭಾರತದ 1945ರ ಔಷಧ ನಿಯಮಗಳಿಗೆ ಸೇರಿದ ‘ಜೆ’ ಅನುಸೂಚಿಯು, ಇಂಥಿಂಥ ವ್ಯಾಧಿಗಳನ್ನು ಗುಣಪಡಿಸುವೆವೆಂದು ಔಷಧಗಳು ಸಾರಕೂಡದೆಂದು ಪಟ್ಟಿಮಾಡಿರುವುದು. ಬೋಳುತನವೂ ಹೊಸ ಕೂದಲನ್ನು ಬೆಳೆಸುವುದೂ ಆ ಪಟ್ಟಿಯಲ್ಲಿವೆ. ಆದರೂ ಜಾಹೀರಾತುಗಳು ನಿಂತಿಲ್ಲವೆಂಬುದನ್ನು ತಾವೇ ಬಲ್ಲಿರಿ.

ಎಲ್ಲ ಉದುರುವಿಕೆಯೂ ಹೀಗೆ ತಾನಾಗಿ ನಿಲ್ಲುವುದೆಂದು ಭಾವಿಸಕೂಡದು. ನಮ್ಮ ಪ್ರಾಚೀನ ವೈದ್ಯರು ಈ ಭೇದವನ್ನು ಗಮನಿಸಿದ್ದರು. ಇಂದ್ರಲುಪ್ತವೆಂಬ ವ್ಯಾಧಿಯನ್ನು ವರ್ಣಿಸುವಾಗ ಸುಶ್ರುತಸಂಹಿತೆಯು ಮೊದಲು ಕೂದಲುದುರುವುದೆಂದೂ ಬಳಿಕ ರೋಮಕೂಪವು ಮುಚ್ಚಿಹೋಗಿ ಬೇರೆ ಕೂದಲು ಹುಟ್ಟದೆಂದೂ ಎರಡು ಹಂತಗಳನ್ನು ಹೇಳಿದೆ. ಅವರು ಹೇಳಿದ ವಾತಪಿತ್ತಕಫಗಳ ಕಾರಣವನ್ನು ಇಂದಿನ ಶಾಸ್ತ್ರವು ಹಾಗೆಯೇ ಅಂಗೀಕರಿಸದು. ಆದರೆ ಎಳೆ ಬೀಳುವುದು ಬೇರೆ, ಕೂಪವು ಕೆಡುವುದು ಬೇರೆ ಎಂಬ ವಿವೇಕ ಇಂದಿಗೂ ಸಲ್ಲುವುದು.

ಕೂಪವು ಮೆಲ್ಲಮೆಲ್ಲನೆ ಕ್ಷೀಣಿಸುವ ಬಗೆಗೆ ನಮ್ಮ ತಲೆಯೇ ಉದಾಹರಣೆ. ಗಂಡಸರ ಬಕ್ಕತಲೆಗೆ ಟೋಪಿಯಾಗಲಿ, ಅತಿಯಾದ ಓದಾಗಲಿ ಕಾರಣವಲ್ಲ. ನಪುಂಸಕರಿಗೆ ತಲೆ ಬೋಳಾಗದೆಂದು ಗ್ರೀಸಿನ ಹಿಪಾಕ್ರಟೀಸನ ಹೆಸರಿನಲ್ಲಿರುವ ಸೂತ್ರಗಳಲ್ಲಿಯೇ ಹೇಳಿದೆ. 1942ರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಮೆರಿಕದ ಶಾಸ್ತ್ರಜ್ಞರು ಇದರ ಮರ್ಮವನ್ನು ತೋರಿಸಿದರು. ಪ್ರಾಯಕ್ಕೆ ಬರುವ ಮೊದಲೇ ವೃಷಣಗಳನ್ನು ಕಳೆದುಕೊಂಡವರಿಗೆ ತಲೆ ಬೋಳಾಗಿರಲಿಲ್ಲ. ಅವರಿಗೆ ಪುರುಷರಸವನ್ನು ಕೊಟ್ಟಾಗ ವಂಶದಲ್ಲಿ ಬೋಳುತನವಿದ್ದವರಿಗೆ ಕೂದಲು ಹೋಗತೊಡಗಿತು. ಬೋಳಾಗಲು ರಸವೂ ಬೇಕು, ವಂಶವೂ ಬೇಕು. ವಂಶವೆಂದರೆ ತಾಯಿಯ ಕಡೆಯದು ಮಾತ್ರವಲ್ಲ. ತಂದೆಯ ಕಡೆಯದೂ ಸೇರುವುದು. ಹಣೆಯ ಎರಡು ಪಕ್ಕಗಳ ಮತ್ತು ನೆತ್ತಿಯ ಕೂಪಗಳು ಈ ರಸಕ್ಕೆ ಸೋತು ವರ್ಷವರ್ಷಕ್ಕೂ ಕಿರಿದಾಗಿ ನವುರಾದ ಎಳೆಯನ್ನು ಹೊರಡಿಸುವುವು, ಹಿಂದಲೆಯವು ಸೋಲವು. ಹೆಂಗಸರಲ್ಲಿಯೂ ಇದು ಉಂಟು. ಆದರೆ ಅವರಲ್ಲಿ ಮುಂದಲೆ ಹಿಂದೆ ಸರಿಯದೆ ಬೈತಲೆ ಅಗಲವಾಗುತ್ತ ಹೋಗುವುದು.

ಇದಕ್ಕೆ ಪರೀಕ್ಷಿತವಾದ ಔಷಧಗಳು ಇಲ್ಲದಿಲ್ಲ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡಕ್ಕಾಗಿ ಬಂದುದು. ಸೇವಿಸಿದವರ ಮೈಯಲ್ಲಿ ಕೂದಲು ಬೆಳೆದುದನ್ನು ಕಂಡು ಅದನ್ನು ತಲೆಗೆ ಹಚ್ಚುವ ದ್ರವವನ್ನಾಗಿ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಗಂಡಸರು ನುಂಗುವ ಫಿನಾಸ್ಟರೈಡ್ ಗುಳಿಗೆಗೆ 1997ರಲ್ಲಿ ದೊರೆಯಿತು. ಇವುಗಳ ಫಲವನ್ನು ಕಾಣಲು ನಾಲ್ಕಾರು ತಿಂಗಳಾದರೂ ಬೇಕು; ಬಿಟ್ಟರೆ ಬಂದ ಫಲವೂ ಹೋಗುವುದು. ಎರಡನೆಯದು ಕೆಲವರಲ್ಲಿ ದಾಂಪತ್ಯಶಕ್ತಿಯನ್ನು ಕುಗ್ಗಿಸುವುದೂ ಮನಸ್ಸನ್ನು ಖಿನ್ನಗೊಳಿಸುವುದೂ ಉಂಟು. ಗರ್ಭಿಣಿಯರು ಅದರ ಒಡೆದ ಗುಳಿಗೆಯನ್ನು ಮುಟ್ಟಲೂ ಬಾರದು. ಆದುದರಿಂದ ವೈದ್ಯರನ್ನು ಕೇಳದೆ ಇವುಗಳಿಗೆ ಕೈಹಾಕಬಾರದು. ಔಷಧವನ್ನು ಬಯಸದವರು ಬೋಳುತಲೆಯೊಡನೆ ಸುಖವಾಗಿರಬಹುದೆಂಬುದಕ್ಕೆ ನಾವು ಸಾಕ್ಷಿ.

ತಡಮಾಡದೆ ವೈದ್ಯರ ಬಳಿಗೆ ಹೋಗಬೇಕಾದ ಸಂದರ್ಭಗಳನ್ನು ಈಗ ಹೇಳುತ್ತೇವೆ. ಮಗುವಿನ ತಲೆಯಲ್ಲಿ ಕೂದಲು ಮುರಿದು, ಹೊಟ್ಟು ಕೂಡಿ, ಬಿಲ್ಲೆ ಬಿಲ್ಲೆಯಾಗಿ ಬರಿದಾಗಿದ್ದರೆ ಅದು ಬಹುಶಃ ಬೂಷ್ಟಿನ ಜಾತಿಯ ಅಣುಜೀವಿಯ ಕೆಲಸ. ಅದು ಕೂಪದೊಳಗೆ ಸೇರಿರುವುದರಿಂದ ಮೇಲೆ ಹಚ್ಚುವ ಮುಲಾಮು ಸಾಲದು. ವಾರಗಟ್ಟಲೆ ನುಂಗುವ ಔಷಧ ಬೇಕು. ಮನೆಯ ಬೇರೆ ಮಕ್ಕಳನ್ನೂ ನೋಡಬೇಕು. ಬಾಚಣಿಗೆಯನ್ನು ಬೇರೆ ಇಡಬೇಕು. ಇದಕ್ಕೆ ಭಿನ್ನವಾಗಿ, ನಾಣ್ಯದಷ್ಟಗಲ ನುಣುಪಾಗಿ ಕೂದಲು ಹೋದರೆ ಜನರು ‘ಹುಳು ತಿಂದಿದೆ’ ಎನ್ನುವರು. ಅಲ್ಲಿ ಯಾವ ಹುಳುವೂ ಇಲ್ಲ. ದೇಹದ ರಕ್ಷಣಾಶಕ್ತಿಯೇ ಭ್ರಮೆಗೊಂಡು ತನ್ನ ಕೂದಲಿನ ಬೇರನ್ನು ಆಕ್ರಮಿಸಿರುವುದು. ಅನೇಕರಲ್ಲಿ ಅದು ತಾನಾಗಿ ಮತ್ತೆ ಬೆಳೆಯುವುದು, ಹರಡಿದರೆ ಚಿಕಿತ್ಸೆಯುಂಟು. ಇನ್ನು ತಲೆಯ ಚರ್ಮವು ಕೆಂಪಾಗಿ, ಉರಿದು, ನೊಂದು ಅಥವಾ ಕೀವುಗೂಡಿ, ಬಳಿಕ ಗುಳಿಗಳೇ ಕಾಣದಂತೆ ಹೊಳಪಾಗಿದ್ದರೆ ಅಲ್ಲಿ ಕೂಪಗಳು ನಾಶವಾಗುತ್ತಿವೆಯೆಂದು ತಿಳಿಯಬೇಕು. ನಾಶವಾದುದು ಮರಳಿ ಬಾರದು. ಉಳಿದುದನ್ನು ಉಳಿಸಿಕೊಳ್ಳಲು ಒಂದೊಂದು ವಾರವೂ ಮುಖ್ಯ. ಹೆಂಗಸರಿಗೆ ತಿಂಗಳಾನುಗಟ್ಟಲೆ ಕೂದಲುದುರುತ್ತಿದ್ದರೆ ರಕ್ತದಲ್ಲಿ ಕಬ್ಬಿಣದ ಅಂಶವನ್ನೂ ಥೈರಾಯಿಡ್ ಗ್ರಂಥಿಯ ಸ್ಥಿತಿಯನ್ನೂ ಪರೀಕ್ಷಿಸುವುದು ಲೇಸು. ರಕ್ತಹೀನತೆಗೆ ತಲೆಗೆ ಹಚ್ಚುವ ತೈಲ ಮದ್ದಲ್ಲ.

ನಿತ್ಯದ ಆರೈಕೆಯ ವಿಷಯವಾಗಿ ನಾಲ್ಕು ಮಾತು. ಎಣ್ಣೆಯು ಎಳೆಗೆ ಮಿತ್ರ. ಕೊಬ್ಬರಿಯೆಣ್ಣೆಯು ಎಳೆಯೊಳಗೆ ಇಳಿದು, ತೊಳೆಯುವಾಗ ಅದರ ಸಸಾರಜನಕವು ನಷ್ಟವಾಗುವುದನ್ನು ಕಡಮೆ ಮಾಡುವುದೆಂದು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆಯೊಂದು ತೋರಿಸಿದೆ. ಆದುದರಿಂದ ನಮ್ಮ ಅಜ್ಜಿಯಂದಿರ ಅಭ್ಯಂಜನಕ್ಕೆ ಆಧಾರವಿಲ್ಲದಿಲ್ಲ. ಆದರೆ ಎಣ್ಣೆಯು ಸತ್ತ ಕೂಪವನ್ನು ಎಬ್ಬಿಸದು. ತಲೆಹೊಟ್ಟಿಗೂ ಅದು ಮದ್ದಲ್ಲ. ಚರ್ಮದ ಮೇಲೆ ಸಹಜವಾಗಿ ವಾಸಿಸುವ ಮಲಾಸೀಜಿಯ ಎಂಬ ಅಣುಜೀವಿಯು ಜಿಡ್ಡನ್ನು ತಿಂದು ಬಾಳುವುದು. ಹೊಟ್ಟಿನಲ್ಲಿ ಅದರ ಪಾತ್ರವುಂಟು. ಹೊಟ್ಟಿದ್ದವರು ಎಣ್ಣೆಯನ್ನು ದಿನಗಟ್ಟಲೆ ತಲೆಯಲ್ಲಿಯೇ ಇಟ್ಟುಕೊಂಡರೆ ಆ ಅತಿಥಿಗೆ ಅನ್ನವಿಕ್ಕಿದಂತಾಗುವುದು. ಅಂಥವರು ವಾರಕ್ಕೆರಡು ಬಾರಿ ಕೀಟೊಕೊನಜೋಲ್ ಬೆರೆತ ಶಾಂಪೂವನ್ನು ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯುವುದು ಉತ್ತಮ.

ಗಡಸು ನೀರು ಎಳೆಯನ್ನು ಒರಟಾಗಿಸಬಹುದು. ಬೇರಿನಿಂದ ಕೀಳುವುದೆಂಬುದಕ್ಕೆ ಆಧಾರ ಸಾಲದು. ತಲೆ ಬೋಳಿಸಿದರೆ ಕೂದಲು ದಟ್ಟವಾಗುವುದೆಂಬ ನಂಬಿಕೆಯೂ ನಿಜವಲ್ಲ. ಕ್ಷೌರದಿಂದ ಕೂದಲಿನ ಬೆಳವಣಿಗೆ ವ್ಯತ್ಯಾಸವಾಗದೆಂದು ಮಿಲ್ಡ್ರೆಡ್ ಟ್ರಾಟರ್ ಎಂಬ ವಿದುಷಿ 1928ರಲ್ಲಿಯೇ ಅಳೆದು ತೋರಿಸಿದರು. ಮೊಂಡಾದ ತುದಿ ದಪ್ಪವಾಗಿ ಕಾಣುವುದಷ್ಟೆ. ಜಡೆಯನ್ನು ಹಣೆ ಸೆಳೆಯುವಂತೆ ಬಿಗಿದು ಹೆಣೆಯಬಾರದು. ವರ್ಷಗಟ್ಟಲೆ ಎಳೆದ ಕೂಪ ಕಡೆಗೆ ಸಾಯುವುದು. ಹುಡುಗಿಯರ ಕಿವಿಯ ಮೇಲ್ಭಾಗ ಬರಿದಾಗುವುದು ಹೀಗೆ. ಒದ್ದೆಗೂದಲನ್ನು ಹಲ್ಲು ಅಗಲವಾದ ಬಾಚಣಿಗೆಯಿಂದ ಮೆಲ್ಲನೆ ಬಿಡಿಸಬೇಕು. ಊಟದಲ್ಲಿ ಬೇಳೆಕಾಳು, ಸೊಪ್ಪು, ಹಾಲು, ತಿನ್ನುವವರಿಗೆ ಮೊಟ್ಟೆ ಮೀನು ಸಾಕಷ್ಟಿದ್ದರೆ ಬಯೋಟಿನ್ ಗುಳಿಗೆಗಳ ಅಗತ್ಯವಿರುವುದು ಅಪೂರ್ವ. ಅದನ್ನು ಹೆಚ್ಚಾಗಿ ನುಂಗಿದರೆ ಥೈರಾಯಿಡ್ ಮೊದಲಾದ ರಕ್ತಪರೀಕ್ಷೆಗಳ ಫಲವೇ ತಪ್ಪಾಗಬಹುದು.

ನಮಗೆ ದೊರೆತ ಕಾಲವು ಮುಗಿಯುತ್ತ ಬಂದಿತು. ಆ ವಿದ್ಯಾರ್ಥಿಯು ಯುಗಾದಿ ಕಳೆದ ಮೇಲೆ ಮತ್ತೆ ಕಾಣಿಸಿಕೊಂಡನು. ತಲೆಯ ತುಂಬ ಮೊಳದ ಹುಲ್ಲಿನಂತೆ ಹೊಸ ಕೂದಲು ನಿಂತಿತ್ತು. “ತೈಲ ಕೆಲಸ ಮಾಡಿತು ಸಾರ್” ಎಂದನು. ಅಷ್ಟರೊಳಗೆ ನಾವು ಒಂದಿಷ್ಟು ಓದಿಕೊಂಡಿದ್ದೆವು. “ಆಷಾಢದಲ್ಲಿ ನಿನಗೆ ಏನಾಗಿತ್ತಪ್ಪಾ?” ಎಂದು ಕೇಳಿದೆವು. “ವಿಷಮಶೀತಜ್ವರ ಬಂದು ಇಪ್ಪತ್ತು ದಿನ ಮಲಗಿದ್ದೆ” ಎಂದನು. ಆಷಾಢದಿಂದ ದಸರೆಗೆ ಮೂರು ತಿಂಗಳು. ಅವನು ಬೆರಳು ಮಡಿಸಿ ಎಣಿಸಿದನು. ಬಹಳ ಹೊತ್ತು ಮಾತನಾಡಲಿಲ್ಲ. ಮುಂದಿನ ವರ್ಷ ಪರೀಕ್ಷೆಗೆ ಕುಳಿತು ತೇರ್ಗಡೆಯಾದನು. ಹೋದ ಒಂದು ವರ್ಷ ಅವನ ತಪ್ಪಿನಿಂದ ಹೋದುದಲ್ಲ. ನಕ್ಕು ಕಳುಹಿಸಿದ ನಮ್ಮ ಪಾಲೂ ಅದರಲ್ಲಿದೆ.

ತಮ್ಮ ಮನೆಯಲ್ಲಿ ಮಗನೋ ಮಗಳೋ ಸೊಸೆಯೋ ಕೂದಲುದುರುತ್ತಿದೆಯೆಂದು ಹೇಳಿಕೊಂಡರೆ ಹಾಸ್ಯ ಮಾಡಬೇಡಿರಿ, ಸೀಸೆಯನ್ನೂ ತರಬೇಡಿರಿ. ಹತ್ತಿರ ಕುಳ್ಳಿರಿಸಿಕೊಂಡು, ಬೆಳಕಿನಲ್ಲಿ ತಲೆಯ ಚರ್ಮವನ್ನು ನೋಡಿ, ಮೂರು ತಿಂಗಳ ಹಿಂದೆ ಏನಾಗಿತ್ತೆಂದು ಕೇಳಿರಿ. ಉತ್ತರ ಸಿಕ್ಕಿ ಚರ್ಮವೂ ಶುದ್ಧವಾಗಿದ್ದರೆ ಧೈರ್ಯ ಹೇಳಿ ಕಾಯಿರಿ. ಉತ್ತರ ಸಿಕ್ಕದಿದ್ದರೆ, ಅಥವಾ ಬಿಲ್ಲೆ, ಉರಿ, ಕೀವುಗಳು ಕಂಡರೆ ಚರ್ಮವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ.