ಮದರಂಗಿಗೆ ಕಪ್ಪು ಬಣ್ಣವಿಲ್ಲ

ಮದುವೆಯ ಹಿಂದಿನ ದಿನ ಮದುಮಗಳ ಕೈಗೆ ಮದರಂಗಿ ಹಚ್ಚದ ಮನೆ ಅಪರೂಪ. ರಂಜಾನ್ ಹಬ್ಬದ ಮುನ್ನಾ ರಾತ್ರಿಗೂ ಅದು ಬೇಕು, ಜಾತ್ರೆ ಉತ್ಸವಗಳಿಗೂ ಬೇಕು. ಹಿತ್ತಲ ಗಿಡದ ಎಲೆಯನ್ನು ಒರಳಿನಲ್ಲಿ ನುಣ್ಣಗೆ ರುಬ್ಬಿ, ಅಂಗೈ ನಡುವೆ ಒಂದು ದುಂಡು, ಸುತ್ತ ಚುಕ್ಕಿ, ಬೆರಳ ತುದಿಗೆ ಟೊಪ್ಪಿಗೆ ಇಡುವುದು ಹಿಂದಿನವರ ಚಿತ್ತಾರ. ಒಣಗಿದ ಮದರಂಗಿಯೊಡನೆಯೇ ರಾತ್ರಿ ನಿದ್ದೆ. ಈಗ ಅಷ್ಟು ಕಾಯುವ ತಾಳ್ಮೆ ಇಲ್ಲ. ಅರ್ಧ ಗಂಟೆಯಲ್ಲಿ ಕಡುಗಪ್ಪು ಬಣ್ಣ ಕೊಡುವ ಕೋನುಗಳು ಬಂದಿವೆ. ಅಪಾಯ ಅಡಗಿರುವುದು ಈ ಅವಸರದಲ್ಲೇ.

ಲಾಸೋನಿಯ ಇನರ್ಮಿಸ್ ಎಂಬುದು ಈ ಗಿಡದ ಶಾಸ್ತ್ರೀಯ ಹೆಸರು. ಇದರ ಎಲೆಯಲ್ಲಿ ಲಾಸೋನ್ ಎಂಬ ವರ್ಣದ್ರವ್ಯವಿದೆ. ನಿಂಬೆರಸದಂತಹ ಹುಳಿ ಸೇರಿಸಿ ನೆನೆಯಿಟ್ಟರೆ ಅದು ಬಿಡುಗಡೆಯಾಗಿ, ಚರ್ಮದ ಮೇಲ್ಪದರದ ಕೆರಟಿನ್ ಎಂಬ ಪ್ರೋಟೀನಿನೊಂದಿಗೆ ಬೆಸೆದುಕೊಳ್ಳುತ್ತದೆ. ಉದುರಿಸಿದ ಕೂಡಲೇ ಕಾಣುವುದು ಕಿತ್ತಳೆ ಬಣ್ಣ. ಒಂದೆರಡು ದಿನಗಳಲ್ಲಿ ಅದು ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಮೇಲ್ಪದರ ಉದುರಿದಂತೆಲ್ಲ ಒಂದರಿಂದ ಮೂರು ವಾರಗಳಲ್ಲಿ ಮಾಸುತ್ತದೆ. ಅಂಗೈ, ಅಂಗಾಲುಗಳ ಚರ್ಮ ದಪ್ಪವಾದ್ದರಿಂದ ಅಲ್ಲಿ ಬಣ್ಣ ಗಾಢ. ಗಂಟೆಯೊಳಗೆ ಮಸಿಯಂತೆ ಕಪ್ಪಾಗುವುದು ಮಾತ್ರ ಎಲೆಯ ಗುಣವಲ್ಲ.

ಹಾಗಾದರೆ ಆ ಕಪ್ಪು ಎಲ್ಲಿಂದ ಬಂತು? ಹೆಚ್ಚಾಗಿ ಪ್ಯಾರಾಫೆನಿಲೀನ್‌ಡಯಮೀನ್, ಚಿಕ್ಕದಾಗಿ ಪಿಪಿಡಿ ಎಂಬ ರಾಸಾಯನಿಕದಿಂದ. ಇದು ಕೂದಲಿಗೆ ಹಚ್ಚುವ ಬಣ್ಣಗಳಲ್ಲಿರುವ ವಸ್ತು. ಐರೋಪ್ಯ ಒಕ್ಕೂಟದ ನಿಯಮದಂತೆ, ಕೂದಲಿಗೆ ಹಚ್ಚುವಾಗ ಇದರ ಪ್ರಮಾಣ ಶೇಕಡಾ 2ನ್ನು ಮೀರಬಾರದು. ಚರ್ಮಕ್ಕೆ ಬಳಿಯಲು ಅನುಮತಿಯೇ ಇಲ್ಲ. ಅಮೆರಿಕದ ಚರ್ಮತಜ್ಞರ ಸಂಘವೊಂದು 2006ರಲ್ಲಿ ಪಿಪಿಡಿಯನ್ನು 'ವರ್ಷದ ಅಲರ್ಜಿಕಾರಕ' ಎಂದೇ ಹೆಸರಿಸಿತು.

ಇದು ಒಗ್ಗದವರಿಗೆ ಬಿಡಿಸಿದ ಬಳ್ಳಿಯ ಗುಂಟವೇ ತುರಿಕೆ, ಕೆಂಪು, ನೀರುಗುಳ್ಳೆ ಏಳುತ್ತವೆ. ಕೆಲವರಿಗೆ ಒಂದೆರಡು ದಿನಗಳಲ್ಲಿ, ಕೆಲವರಿಗೆ ವಾರ ಕಳೆದ ಮೇಲೆ. ಗುಳ್ಳೆ ಒಣಗಿದರೂ ಕಲೆ ಉಳಿಯಬಹುದು. ಅದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣದು. ಒಮ್ಮೆ ಪಿಪಿಡಿಗೆ ಮುನಿದ ದೇಹ ಸಾಮಾನ್ಯವಾಗಿ ಜೀವನಪರ್ಯಂತ ಅದನ್ನು ಮರೆಯದು. ಹತ್ತು ವರ್ಷದ ಹುಡುಗಿ ಜಾತ್ರೆಯಲ್ಲಿ ಹಚ್ಚಿಸಿಕೊಂಡ ಕಪ್ಪು ಚಿತ್ತಾರದ ಬೆಲೆಯನ್ನು, ನಲವತ್ತರಲ್ಲಿ ನರೆಗೂದಲಿಗೆ ಬಣ್ಣ ಹಚ್ಚಿದ ದಿನ ಮುಖ, ಕಣ್ಣು ಊದಿಸಿಕೊಂಡು ತೆರಬೇಕಾಗಬಹುದು.

ಬಣ್ಣ ಗಾಢವಾದಷ್ಟೂ ಗಂಡನ ಪ್ರೀತಿ ಹೆಚ್ಚೆಂಬ ಮಾತು ಹೆಣ್ಣುಮಕ್ಕಳನ್ನು ಕಪ್ಪಿನತ್ತ ಎಳೆಯುತ್ತದೆ. ಗಾಢ ಬಣ್ಣಕ್ಕೆ ನ್ಯಾಯವಾದ ದಾರಿಯೂ ಉಂಟು. ಸಮಾರಂಭಕ್ಕೆ ಎರಡು ದಿನ ಮೊದಲೇ ಹಚ್ಚಿ. ಆರೆಂಟು ಗಂಟೆ ಬಿಡಿ. ಉದುರಿಸಿದ ಮೇಲೆ ಒಂದು ದಿನ ನೀರು ಸೋಕಿಸಬೇಡಿ. ಕೋನು ಕೊಳ್ಳುವಾಗ ಒಳಗೆ ಏನೇನಿದೆ, ಎಷ್ಟು ಹೊತ್ತಿಡಬೇಕು ಎಂದು ಕೇಳಿ. ಉತ್ತರ ಸಿಗದಿದ್ದರೆ, ಕಲಸಿದ್ದು ಮಸಿಯಂತೆ ಕಪ್ಪಗಿದ್ದರೆ, ಕಟುವಾದ ರಾಸಾಯನಿಕ ವಾಸನೆ ಬಂದರೆ ಹಿಂತಿರುಗಿ ಬನ್ನಿ. ಶುದ್ಧ ಮದರಂಗಿಯನ್ನೂ ಹಸುಳೆಗಳಿಗೆ ಹಚ್ಚುವುದು ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು.

ಹಚ್ಚಿದ ಜಾಗ ಉರಿದರೆ ತಕ್ಷಣ ತೊಳೆದು ವೈದ್ಯರಿಗೆ ತೋರಿಸಬೇಕು. ಮುಂದೆ ಕೂದಲಿಗೆ ಬಣ್ಣ ಹಚ್ಚುವ ಮುನ್ನ ಈ ಸಂಗತಿಯನ್ನು ಮರೆಯದೆ ಹೇಳಬೇಕು. ಮದರಂಗಿ ಮೂರು ವಾರದ ಅಲಂಕಾರ; ಜೀವನವಿಡೀ ಉಳಿಯುವಂಥದ್ದನ್ನು ಅದು ಕೊಟ್ಟು ಹೋಗಬಾರದು.