ಅಧ್ಯಾಯ, ವಚನ, ನಂಬರ್: ಅಷ್ಟಕ್ಕೇ ಮುಗೀತಾ?

ಧರ್ಮದ ಬಗ್ಗೆ ಟಿವಿಯಲ್ಲಿ ಚರ್ಚೆ ಇಟ್ಟರೆ ಸಾಕು, ಈ ಮಾತು ಬಂದೇ ಬರುತ್ತೆ. ಒಬ್ಬರು ‘ಕುರ್‌ಆನ್ ಒಂಬತ್ತನೇ ಅಧ್ಯಾಯ, ಐದನೇ ವಚನ ಓದಿ ಸಾರ್’ ಅಂತಾರೆ. ಎದುರಿನವರು ‘ನಿಮಗೆ ಇಸ್ಲಾಂ ಗೊತ್ತೇ ಇಲ್ಲ’ ಅಂತಾರೆ. ಅಷ್ಟರಲ್ಲಿ ಬ್ರೇಕ್. ಮನೆಯಲ್ಲಿ ಕೂತು ನೋಡಿದ ನಿಮಗೆ ಸಿಕ್ಕಿದ್ದೇನು? ಒಂದು ನಂಬರ್, ಒಂದಿಷ್ಟು ಕೋಪ.

ಇವತ್ತು ಗಲಾಟೆ ಬೇಡ. ನಾನು ಓದಿದ್ದು ಇಂಜಿನಿಯರಿಂಗ್. ಒಂದು ಮಷಿನ್ ಸರಿಯಿಲ್ಲ ಅಂತ ಹೇಳೋಕೂ ಮೊದಲು ಅದರ ಡ್ರಾಯಿಂಗ್ ನೋಡ್ಬೇಕು ಅಂತ ನಮಗೆ ಕಲಿಸಿದ್ದಾರೆ. ಹಾಗೇ ಈ ಗ್ರಂಥದ ರಚನೆ ಹೇಗಿದೆ, ಅದನ್ನು ನಂಬುವವರು ಏನನ್ನು ನಂಬ್ತಾರೆ, ಅಷ್ಟು ನೋಡೋಣ. ಒಪ್ಪೋದು, ಬಿಡೋದು ಆಮೇಲಿನ ಮಾತು.

ಕುರ್‌ಆನ್‌ನಲ್ಲಿ 114 ಅಧ್ಯಾಯಗಳಿವೆ. ಒಂದೊಂದನ್ನೂ ಸೂರಾ ಅಂತಾರೆ. ಹೆಚ್ಚು ಬಳಕೆಯಲ್ಲಿರುವ ಎಣಿಕೆಯಂತೆ ಒಟ್ಟು 6,236 ವಚನಗಳು. ಮುಸ್ಲಿಮರ ಪ್ರಕಾರ ಇದು ಪ್ರವಾದಿ ಮುಹಮ್ಮದರು ಬರೆದ ಪುಸ್ತಕವಲ್ಲ. ಜಿಬ್ರೀಲ್ ಎಂಬ ದೇವದೂತನ ಮೂಲಕ ಅವರಿಗೆ ತಲುಪಿದ ದೇವರ ಮಾತು. ಅದೂ ಒಂದೇ ದಿನದಲ್ಲಿ ಅಲ್ಲ. ಕ್ರಿ.ಶ. 610ರಿಂದ 632ರವರೆಗೆ, ಸ್ವಲ್ಪ ಸ್ವಲ್ಪವಾಗಿ. ಮೊದಲು ಮೆಕ್ಕಾದಲ್ಲಿ, 622ರ ವಲಸೆಯ ನಂತರ ಮದೀನಾದಲ್ಲಿ. ಈಗಿರುವ ಗ್ರಂಥದ ಅಧಿಕೃತ ಪ್ರತಿಗಳನ್ನು ಸಿದ್ಧಪಡಿಸಿ ಹಂಚಿದ್ದು ಮೂರನೇ ಖಲೀಫ ಉಸ್ಮಾನರ ಕಾಲದಲ್ಲಿ ಅನ್ನುತ್ತೆ ಇಸ್ಲಾಮಿನ ಪರಂಪರೆ.

ಒಂದು ವಿಷಯ ಗಮನಿಸಿ. ರಾಮಾಯಣದ ಥರ ಮೊದಲಿಂದ ಕೊನೆಯವರೆಗೆ ಕಥೆ ಸಾಗುತ್ತೆ ಅಂತ ಕುರ್‌ಆನ್ ತೆರೆದರೆ ತಲೆಬುಡ ಗೊತ್ತಾಗಲ್ಲ. ಯಾಕೆಂದರೆ ಅದು ಕಾಲಾನುಕ್ರಮದಲ್ಲಿಲ್ಲ. ಏಳು ವಚನಗಳ ಒಂದು ಪ್ರಾರ್ಥನೆಯಿಂದ ಶುರುವಾಗುತ್ತೆ. ಎರಡನೇ ಅಧ್ಯಾಯವೇ ಅತಿ ದೊಡ್ಡದು, 286 ವಚನ. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತೆ. ಪರಂಪರೆಯ ಪ್ರಕಾರ ಮೊಟ್ಟಮೊದಲು ಬಂದ ವಚನಗಳು ಇರೋದು 96ನೇ ಅಧ್ಯಾಯದಲ್ಲಿ! ಅಂದರೆ ಒಂದು ವಚನ ಯಾವಾಗ, ಯಾವ ಸಂದರ್ಭದಲ್ಲಿ ಬಂತು ಅಂತ ಪುಟದ ನಂಬರ್ ನೋಡಿ ಹೇಳೋಕಾಗಲ್ಲ. ಬೇರೆ ಕಡೆ ಹುಡುಕಬೇಕು.

ಇನ್ನು ನಂಬಿಕೆಗಳು. ಸುನ್ನಿ ಪರಂಪರೆ ಆರು ವಿಷಯ ಹೇಳುತ್ತೆ. ಒಬ್ಬನೇ ದೇವರು, ದೇವದೂತರು, ಗ್ರಂಥಗಳು, ಪ್ರವಾದಿಗಳು, ಅಂತಿಮ ದಿನದ ವಿಚಾರಣೆ, ವಿಧಿ. ಗ್ರಂಥಗಳು, ಪ್ರವಾದಿಗಳು ಅಂತ ಬಹುವಚನ ಬಂತು ನೋಡಿ. ಕುರ್‌ಆನ್‌ನಲ್ಲಿ ಅತಿ ಹೆಚ್ಚು ಬಾರಿ ಹೆಸರು ಬರುವ ಪ್ರವಾದಿ ಮೂಸಾ, ಅಂದರೆ ಮೋಸೆಸ್. ಮುಹಮ್ಮದ್ ಅನ್ನೋ ಹೆಸರು ಬರೋದು ನಾಲ್ಕೇ ಸಲ. ಯೇಸುವಿನ ತಾಯಿ ಮೇರಿಯ ಹೆಸರಿನಲ್ಲಿ ಒಂದು ಇಡೀ ಅಧ್ಯಾಯವಿದೆ. ಯೇಸುವನ್ನು ಪ್ರವಾದಿ ಅಂತ ಒಪ್ಪುತ್ತೆ, ದೇವರ ಮಗ ಅನ್ನೋದನ್ನು ಒಪ್ಪಲ್ಲ. ಆಚರಣೆಗೆ ಬಂದರೆ ಐದು ಸ್ತಂಭಗಳು. ವಿಶ್ವಾಸದ ಘೋಷಣೆ, ದಿನಕ್ಕೆ ಐದು ಹೊತ್ತಿನ ನಮಾಜು, ರಂಜಾನ್ ಉಪವಾಸ, ಉಳಿತಾಯದ ನೂರಕ್ಕೆ ಎರಡೂವರೆ ಭಾಗ ಬಡವರಿಗೆ ಸಲ್ಲುವ ಝಕಾತ್, ಶಕ್ತಿ ಇದ್ದವರಿಗೆ ಜೀವನದಲ್ಲಿ ಒಮ್ಮೆ ಹಜ್.

ಚರ್ಚೆಗಳಲ್ಲಿ ದೊಡ್ಡ ಗೊಂದಲ ಆಗೋದು ಇಲ್ಲಿಂದ ಮುಂದೆ. ‘ಇಸ್ಲಾಂನಲ್ಲಿ ಹೀಗೆ ಬರೆದಿದೆ’ ಅಂತಾರಲ್ಲ, ಎಲ್ಲಿ ಬರೆದಿದೆ? ಕುರ್‌ಆನ್ ಒಂದು. ಪ್ರವಾದಿಯವರ ನಡೆನುಡಿಯ ವರದಿಗಳಾದ ಹದೀಸ್ ಇನ್ನೊಂದು. 870ರಲ್ಲಿ ತೀರಿಕೊಂಡ ಇಮಾಮ್ ಬುಖಾರಿ ಅವರ ಸಂಗ್ರಹ ಸುನ್ನಿಗಳಲ್ಲಿ ಹೆಚ್ಚು ಮಾನ್ಯ. ಯಾರು ಯಾರಿಗೆ ಹೇಳಿದರು ಅನ್ನುವ ಸರಪಳಿ ನೋಡಿ ವಿದ್ವಾಂಸರು ಹದೀಸ್‌ಗಳನ್ನು ಗಟ್ಟಿ, ದುರ್ಬಲ ಅಂತ ವಿಂಗಡಿಸ್ತಾರೆ. ಮೂರನೆಯದು ಇವೆರಡರಿಂದ ಪಂಡಿತರು ರೂಪಿಸಿದ ಕಾನೂನು. ಅದರಲ್ಲಿ ಸುನ್ನಿಗಳಿಗೇ ನಾಲ್ಕು ಪಂಥ, ಶಿಯಾಗಳದ್ದು ಬೇರೆ. ನಮ್ಮ ಕರ್ನಾಟಕದಲ್ಲೇ ನೋಡಿ, ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಸಾಮಾನ್ಯವಾಗಿ ಶಾಫಿ ಪಂಥದವರು. ಒಳನಾಡಿನ ಹೆಚ್ಚಿನವರು ಹನಫಿ. ಹಾಗಾಗಿ ‘ಮುಸ್ಲಿಮರೆಲ್ಲ ಹೀಗೇ’ ಅನ್ನೋ ವಾಕ್ಯ ಮಂಗಳೂರಿಂದ ಕಲಬುರಗಿವರೆಗೂ ನಿಲ್ಲಲ್ಲ.

ಈಗ ಆ ಒಂಬತ್ತು–ಐದಕ್ಕೆ ಬರೋಣ. ನಿಷಿದ್ಧ ತಿಂಗಳುಗಳು ಕಳೆದ ಮೇಲೆ ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲಿ ಅನ್ನುವ ಅರ್ಥದ ಮಾತು ಅಲ್ಲಿರೋದು ನಿಜ. ಮುಚ್ಚಿಡೋದೇನೂ ಬೇಡ. ಆದರೆ ಹಿಂದಿನ ವಚನ, ಒಪ್ಪಂದ ಮುರಿಯದವರ ಜೊತೆ ಒಪ್ಪಂದ ಪಾಲಿಸಿ ಅನ್ನುತ್ತೆ. ಮುಂದಿನ ವಚನ, ಅವರಲ್ಲಿ ಯಾರಾದರೂ ಆಶ್ರಯ ಕೇಳಿದರೆ ಕೊಡಿ, ಸುರಕ್ಷಿತ ಜಾಗಕ್ಕೆ ತಲುಪಿಸಿ ಅನ್ನುತ್ತೆ. ಸಂದರ್ಭ, ಅರಬ್ ಬುಡಕಟ್ಟುಗಳ ಜೊತೆಗಿನ ಯುದ್ಧ ಮತ್ತು ಮುರಿದ ಒಪ್ಪಂದಗಳು. ಇಷ್ಟೆಲ್ಲ ಓದಿದ ಮೇಲೂ ಪ್ರಶ್ನೆ ಉಳಿಯುತ್ತೆ. ಐದನೇ ವಚನದ ಕೊನೆ, ಅವರು ಪಶ್ಚಾತ್ತಾಪಪಟ್ಟು ನಮಾಜು, ಝಕಾತ್ ಪಾಲಿಸಿದರೆ ಬಿಟ್ಟುಬಿಡಿ ಅನ್ನುತ್ತೆ. ಇದನ್ನು ಇವತ್ತು ಹೇಗೆ ಓದಬೇಕು ಅಂತ ಕೇಳೋ ಹಕ್ಕು ನಿಮಗಿದೆ. ಕೇಳಿ. ಪೂರ್ತಿ ಓದಿ ಕೇಳಿದ ಪ್ರಶ್ನೆಗೆ ‘ನಿಮಗೆ ಗೊತ್ತಿಲ್ಲ’ ಅಂತ ಹೇಳಿ ಜಾರಿಕೊಳ್ಳೋದೂ ಸರಿಯಲ್ಲ.

ಇನ್ನೊಂದು ಮಾತು. 1998ರಲ್ಲಿ ಒಸಾಮ ಬಿನ್ ಲಾಡೆನ್ ಅಮೆರಿಕದ ವಿರುದ್ಧ ಹೊರಡಿಸಿದ ಘೋಷಣೆಯ ಆರಂಭದಲ್ಲೇ ಇದೇ ವಚನ ಇತ್ತು. ಅರ್ಧ ಮಾತ್ರ! ವಚನದ ಕೊನೆಯೂ ಇಲ್ಲ, ಆಶ್ರಯ ಕೊಡಿ ಅನ್ನುವ ಮುಂದಿನ ವಚನವೂ ಇಲ್ಲ. ಇಸ್ಲಾಮಿನ ಹೆಸರಲ್ಲಿ ಕೊಲ್ಲೋಕೆ ಹೊರಟವನು ಕತ್ತರಿ ಹಾಕಿದ್ದು ಎಲ್ಲೋ, ಇಸ್ಲಾಂ ದ್ವೇಷಿಸೋರು ವಾಟ್ಸ್ಯಾಪ್‌ನಲ್ಲಿ ಕತ್ತರಿ ಹಾಕೋದೂ ಹೆಚ್ಚಾಗಿ ಅಲ್ಲೇ. ಇಬ್ಬರಿಗೂ ಬೇಕಿರೋದು ಅರ್ಧ ವಾಕ್ಯ.

ಕುರ್‌ಆನ್‌ನ ಕನ್ನಡ ಅನುವಾದಗಳಿವೆ. ಅನುವಾದವನ್ನು ಮುಸ್ಲಿಮರು ಮೂಲಕ್ಕೆ ಸಮ ಅನ್ನಲ್ಲ, ಅವರಿಗೆ ಅರಬಿ ಪಾಠವೇ ಕುರ್‌ಆನ್. ಆದರೂ ನಮಗೆ ವಿಷಯ ತಿಳಿಯೋಕೆ ಅದು ಸಾಕು. ಮುಂದಿನ ಸಲ ಯಾರಾದರೂ ಒಂದು ನಂಬರ್ ಎಸೆದರೆ, ನನ್ನ ಕಾರ್ಯಕ್ರಮದಲ್ಲೇ ಎಸೆದರೂ ಸರಿ, ಮೂರು ಪ್ರಶ್ನೆ ಕೇಳಿ. ಇದು ಕುರ್‌ಆನಾ, ಹದೀಸಾ, ಪಂಡಿತರ ಅಭಿಪ್ರಾಯನಾ? ಹಿಂದೆ ಮುಂದೆ ಏನಿದೆ? ಯಾವ ಸಂದರ್ಭದ ಮಾತು? ಪಕ್ಕದ ಮನೆಯವರನ್ನು ಅರ್ಧ ವಾಕ್ಯದ ಮೇಲೆ ಅಳೀಬೇಡಿ. ನಿಮ್ಮ ಧರ್ಮಗ್ರಂಥವನ್ನು ಹಾಗೆ ಅಳೆದರೆ ನೀವು ಒಪ್ತೀರಾ? ಯೋಚನೆ ಮಾಡಿ.